ಗಾಳಿಯ ಎಚ್ಚರಿಕೆ ಮುಟ್ಟಿತ್ತು, ನೀರಿನದು ಮುಟ್ಟಲಿಲ್ಲ

ಪ್ರಶ್ನೆ: ನಾನು ಗಂಗೊಳ್ಳಿಯವಳು. ನನ್ನ ತಮ್ಮ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಅವನ ಜೊತೆಗಾರರೊಬ್ಬರ ಊರು ಫಿಲಿಪ್ಪೀನ್ಸಿನ ಟಕ್ಲೋಬಾನ್. 2013ರ ಹೈಯಾನ್ ಚಂಡಮಾರುತದಲ್ಲಿ ಅವರ ಮನೆ ಹೋಯಿತಂತೆ. "ಗಾಳಿ ಬರುತ್ತದೆ ಅಂತ ಎರಡು ದಿನ ಮೊದಲೇ ಗೊತ್ತಿತ್ತು. ಸಮುದ್ರ ಬರುತ್ತದೆ ಅಂತ ಗೊತ್ತಿರಲಿಲ್ಲ. ಅದೂ ಮೊದಲು ಹಿಂದೆ ಸರಿದು ಆಮೇಲೆ ಬಂತು" ಎಂದರಂತೆ. ಇಷ್ಟೊಂದು ಉಪಗ್ರಹಗಳಿರುವ ಕಾಲದಲ್ಲಿ ಆರು ಸಾವಿರ ಜನ ಸಾಯುವುದು ಹೇಗೆ? ಇಂಥ ಚಂಡಮಾರುತ ಎಲ್ಲಿ ಹುಟ್ಟುತ್ತದೆ, ಹೇಗೆ ಸಾಯುತ್ತದೆ? ನಮ್ಮ ಕಡಲಿಗೂ ಬಂದೀತೆ?

ಉತ್ತರ: ನಿಮ್ಮ ತಮ್ಮನ ಜೊತೆಗಾರರು ಅರ್ಧ ಉತ್ತರ ಕೊಟ್ಟೇಬಿಟ್ಟಿದ್ದಾರೆ. ಟಕ್ಲೋಬಾನಿನ ಜನಕ್ಕೆ ಗಾಳಿಯ ಎಚ್ಚರಿಕೆ ಮುಟ್ಟಿತ್ತು, ನೀರಿನದು ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದರೆ ಯಾರೂ ಹೇಳಲಿಲ್ಲ ಎಂದಲ್ಲ, ಹೇಳಿದ್ದರು. ಕೇಳಿದವರಿಗೆ ಅದು ತಮ್ಮ ಮನೆಯ ಮಾತು ಅನ್ನಿಸಲಿಲ್ಲ.

ನಮ್ಮ ಪದವನ್ನೇ ನೋಡಿ. ಚಂಡ ಎಂದರೆ ಉಗ್ರ, ಮಾರುತ ಎಂದರೆ ಗಾಳಿ. ಇಡೀ ಪದದಲ್ಲಿ ಒಂದು ಹನಿ ನೀರಿಲ್ಲ. ಕರಾವಳಿಯವರು ಹೇಳುವ ತೂಫಾನಿನಲ್ಲೂ ಗಾಳಿಯೇ ಮುಂದು. ನಾನೂ ವರ್ಷಗಟ್ಟಲೆ ಮಕ್ಕಳಿಂದ ಗಾಳಿಯ ವೇಗದ ಪಟ್ಟಿಯನ್ನೇ ಬಾಯಿಪಾಠ ಮಾಡಿಸಿದವನು: ಗಂಟೆಗೆ ಇಷ್ಟಿದ್ದರೆ ವಾಯುಭಾರ ಕುಸಿತ, ಇಷ್ಟಾದರೆ ಚಂಡಮಾರುತ, ಇನ್ನೂ ಏರಿದರೆ ತೀವ್ರ ಚಂಡಮಾರುತ. ಆದರೆ ಏಷ್ಯಾದ ದೊಡ್ಡ ದುರಂತಗಳನ್ನು ಸಾಲಾಗಿ ಇಟ್ಟು ನೋಡಿದರೆ ಕೊಂದದ್ದು ಬಹುತೇಕ ನೀರೇ. 1970ರಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ಭೋಲಾ ಚಂಡಮಾರುತಕ್ಕೆ ಸುಮಾರು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ನರ್ಗಿಸ್ ಮ್ಯಾನ್ಮಾರ್‌ನ ಐರಾವತಿ ಮುಖಜಭೂಮಿಗೆ ನುಗ್ಗಿದಾಗ ಸತ್ತವರು, ಕಾಣೆಯಾದವರು ಸೇರಿ ಒಂದು ಲಕ್ಷ ಮೂವತ್ತು ಸಾವಿರ ಮೀರಿತು. ಎರಡು ಕಡೆಯೂ ಕಡಲು ಉಕ್ಕಿ ಊರ ಮೇಲೆ ಹತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟಾರ್ಮ್ ಸರ್ಜ್ ಎನ್ನುತ್ತಾರೆ. ಒಲೆ ಮೇಲಿನ ಹಾಲು ಉಕ್ಕುವ ಹಾಗೆ ಕಡಲೂ ಉಕ್ಕುತ್ತದೆ ಎಂದು ನಾನು ತರಗತಿಯಲ್ಲಿ ‘ಕಡಲುಕ್ಕು’ ಎನ್ನುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ.

ಇನ್ನು ಹುಟ್ಟಿನ ಕಥೆಗೆ ಬರೋಣ. 2013ರಲ್ಲಿ ದೀಪಾವಳಿ ನವೆಂಬರ್ ಮೊದಲ ವಾರಕ್ಕೆ ಬಿದ್ದಿತ್ತು. ನಮ್ಮಲ್ಲಿ ಎಣ್ಣೆಸ್ನಾನದ ಗಡಿಬಿಡಿಯಿದ್ದ 2ನೇ ತಾರೀಕಿನ ಹೊತ್ತಿಗೆ ಪೆಸಿಫಿಕ್ ಸಾಗರದ ಪೋನ್‌ಪೇ ದ್ವೀಪದಿಂದ ಆಗ್ನೇಯಕ್ಕೆ ನಾಲ್ಕುನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಗುಡುಗು ಮೋಡಗಳ ಒಂದು ಗುಂಪು ಸೇರಿತ್ತು. ಅಂಥ ಗುಂಪುಗಳು ಉಷ್ಣವಲಯದಲ್ಲಿ ದಿನವೂ ಸೇರುತ್ತವೆ, ದಿನವೂ ಚದುರುತ್ತವೆ. ಹೆಚ್ಚಿನವು ನಾಲ್ಕು ಹನಿ ಸುರಿಸಿ ಮುಗಿದುಹೋಗುತ್ತವೆ. ಇದು ಮುಗಿಯಲಿಲ್ಲ, ಏಕೆಂದರೆ ಬೇಕಾದದ್ದೆಲ್ಲ ಒಂದೇ ಕಡೆ ಒದಗಿಬಂತು.

ಮೊದಲನೆಯದು ಬಿಸಿ ನೀರು. ಕಡಲ ಮೇಲ್ಮೈ ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು, ಆ ಬಿಸಿ ಒಂದೈವತ್ತು ಮೀಟರ್ ಆಳಕ್ಕಾದರೂ ಇಳಿದಿರಬೇಕು. ಇಷ್ಟು ಬಿಸಿ ಏಕೆ ಬೇಕು ಎಂಬುದನ್ನು ಇಡ್ಲಿ ಬೇಯಿಸುವವರಿಗೆ ವಿವರಿಸಬೇಕಾಗಿಲ್ಲ. ಮುಚ್ಚಳ ತೆಗೆಯುವಾಗ ಕೈಗೆ ತಗುಲುವ ಹಬೆ ಕುದಿಯುವ ನೀರಿಗಿಂತ ಜೋರಾಗಿ ಸುಡುತ್ತದಲ್ಲ? ಒಂದು ಗ್ರಾಂ ಹಬೆ ಚರ್ಮದ ಮೇಲೆ ಮತ್ತೆ ನೀರಾಗುವಾಗ, ತಾನು ಆವಿಯಾಗುವಾಗ ನುಂಗಿದ್ದ 540 ಕ್ಯಾಲೊರಿಯಷ್ಟು ಶಾಖವನ್ನು ಅಲ್ಲೇ ಕಕ್ಕುತ್ತದೆ. ಕಡಲ ಮೇಲೂ ಇದೇ ನಡೆಯುತ್ತದೆ. ಬೆಚ್ಚಗಿನ ನೀರು ಆವಿಯಾಗಿ ಮೇಲೇರುತ್ತದೆ, ಎತ್ತರದ ತಂಪಿನಲ್ಲಿ ಹನಿಗಟ್ಟುತ್ತದೆ, ಶಾಖ ಬಿಡುತ್ತದೆ. ಆ ಶಾಖಕ್ಕೆ ಸುತ್ತಲ ಗಾಳಿ ಹಗುರಾಗಿ ಇನ್ನೂ ಮೇಲೇರುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ, ಆ ಜಾಗ ತುಂಬಲು ಸುತ್ತಲಿಂದ ಹಸಿಗಾಳಿ ನುಗ್ಗುತ್ತದೆ, ಅದು ಇನ್ನಷ್ಟು ಆವಿ ತರುತ್ತದೆ. ತನ್ನ ಸೌದೆಯನ್ನು ತಾನೇ ಎಳೆದುಕೊಳ್ಳುವ ಒಲೆ ಇದು.

ಎರಡನೆಯದು ಭೂಮಿಯ ತಿರುಗುವಿಕೆ. ಒಳನುಗ್ಗುವ ಗಾಳಿ ನೆಟ್ಟಗೆ ನಡುವಿಗೆ ಬಂದುಬಿಟ್ಟರೆ ತಗ್ಗು ತುಂಬಿಹೋಗುತ್ತದೆ, ಆಟ ಮುಗಿಯುತ್ತದೆ. ಭೂಮಿ ತಿರುಗುವುದರಿಂದ ಗಾಳಿ ಓರೆಯಾಗಿ ಸುತ್ತಲು ಹಿಡಿಯುತ್ತದೆ. ಸಮಭಾಜಕ ರೇಖೆಯ ಮೇಲೆ ಈ ತಿರುವು ಇಲ್ಲವೇ ಇಲ್ಲ. ಅದಕ್ಕೇ ಅದರ ಆಚೀಚೆ ಐದು ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ. ಹೈಯಾನ್ ಹುಟ್ಟಿದ್ದು ಆ ಹೊಸ್ತಿಲಿನ ತುಸು ಆಚೆಗೆ. ಮೂರನೆಯದು, ಕೆಳಗಿನ ಗಾಳಿಗೂ ಹತ್ತು ಹನ್ನೆರಡು ಕಿಲೋಮೀಟರ್ ಮೇಲಿನ ಗಾಳಿಗೂ ದಿಕ್ಕು, ವೇಗಗಳಲ್ಲಿ ಹೆಚ್ಚು ಜಗಳ ಇರಬಾರದು. ಇದ್ದರೆ ಮೋಡದ ಗೋಪುರದ ಕುತ್ತಿಗೆಯೇ ಹೊರಳಿಹೋಗುತ್ತದೆ.

3ನೇ ತಾರೀಕು, ನಮ್ಮ ದೀಪಾವಳಿ ಅಮಾವಾಸ್ಯೆಯಂದು, ಅದು ವಾಯುಭಾರ ಕುಸಿತವಾಯಿತು. ಮರುದಿನ ಜಪಾನಿನ ಹವಾಮಾನ ಸಂಸ್ಥೆ ಅದಕ್ಕೆ ಹೈಯಾನ್ ಎಂದು ಹೆಸರಿಟ್ಟಿತು. ಚೀನಾ ಕೊಟ್ಟ ಹೆಸರು, ಒಂದು ಕಡಲಹಕ್ಕಿಯದು. ಫಿಲಿಪ್ಪೀನ್ಸಿನ ಹವಾಮಾನ ಸಂಸ್ಥೆ ಪಗಾಸಾ ತನ್ನ ಪಟ್ಟಿಯಿಂದ ಯೋಲಾಂಡಾ ಎಂಬ ಹೆಸರು ಕೊಟ್ಟಿತು. ಅಲ್ಲಿಯವರ ಬಾಯಲ್ಲಿ ಇಂದಿಗೂ ಅದೇ. ನಿಮ್ಮ ತಮ್ಮನ ಜೊತೆಗಾರರ ಮುಂದೆ ಹೈಯಾನ್ ಎನ್ನುವ ಬದಲು ಯೋಲಾಂಡಾ ಎಂದರೆ ಕಿವಿ ಬೇಗ ನಿಮಿರುತ್ತದೆ. 5ರಂದು ಅದು ಟೈಫೂನ್ ಆಯಿತು. ಪಶ್ಚಿಮ ಪೆಸಿಫಿಕ್‌ನವರು ಟೈಫೂನ್ ಎನ್ನುವುದು, ನಾವು ಸೈಕ್ಲೋನ್ ಎನ್ನುವುದು, ಅಮೆರಿಕದವರು ಹರಿಕೇನ್ ಎನ್ನುವುದು ಎಲ್ಲ ಒಂದೇ ಪ್ರಾಣಿ.

ಫಿಲಿಪ್ಪೀನ್ಸಿನ ಪೂರ್ವಕ್ಕಿರುವ ಕಡಲಲ್ಲಿ ಬಿಸಿನೀರಿನ ಪದರ ತುಂಬ ದಪ್ಪ. ಸಾಮಾನ್ಯವಾಗಿ ಚಂಡಮಾರುತ ತಾನು ನಿಂತ ಕಡಲನ್ನು ಕಲಕಿ ಅಡಿಯ ತಣ್ಣೀರನ್ನು ಮೇಲೆಬ್ಬಿಸಿ ತನ್ನ ಒಲೆಗೆ ತಾನೇ ನೀರು ಹೊಯ್ದುಕೊಳ್ಳುತ್ತದೆ. ಇಲ್ಲಿ ಎಷ್ಟು ಕಲಕಿದರೂ ಮೇಲೆ ಬಂದದ್ದು ಬೆಚ್ಚಗಿನ ನೀರೇ. ಸಾಲದ್ದಕ್ಕೆ ಹೈಯಾನ್ ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿತ್ತು. ಒಂದೆಡೆ ನಿಂತು ಕಡಲನ್ನು ತಣಿಸಲು ಅದಕ್ಕೆ ಪುರಸೊತ್ತೇ ಇರಲಿಲ್ಲ. 7ರ ಹೊತ್ತಿಗೆ ನಡುವಿನ ಒತ್ತಡ 895 ಹೆಕ್ಟೊಪ್ಯಾಸ್ಕಲ್‌ಗೆ ಇಳಿದಿತ್ತು ಎಂಬುದು ಜಪಾನಿನ ಅಂದಾಜು. ಸಾಮಾನ್ಯ ದಿನಗಳಲ್ಲಿ ಕಡಲ ಮೇಲೆ ಅದು 1010ರ ಆಸುಪಾಸು ಇರುತ್ತದೆ.

ಗಾಳಿಯ ವೇಗದ ಬಗ್ಗೆ ಒಂದು ಮಾತು, ಇದರಲ್ಲಿ ಪತ್ರಿಕೆಗಳು ಯಾವಾಗಲೂ ಎಡವುತ್ತವೆ. ಹೈಯಾನ್‌ನ ಗಾಳಿ ಗಂಟೆಗೆ 315 ಕಿಲೋಮೀಟರ್ ಎಂದು ಒಂದು ಕಡೆ, 230 ಎಂದು ಇನ್ನೊಂದು ಕಡೆ ಓದಿರುತ್ತೀರಿ. ಅಮೆರಿಕದವರು ಒಂದು ನಿಮಿಷದ ಸರಾಸರಿ ಹಿಡಿಯುತ್ತಾರೆ, ಜಪಾನಿನವರು ಹತ್ತು ನಿಮಿಷದ್ದು, ನಮ್ಮ ಭಾರತೀಯ ಹವಾಮಾನ ಇಲಾಖೆ ಮೂರು ನಿಮಿಷದ್ದು. ಕಿರು ಅವಧಿಯ ಸರಾಸರಿ ಹೆಚ್ಚೇ ಬರುತ್ತದೆ. ಅಂದಾಜಿನ ಕ್ರಮದಲ್ಲೂ ವ್ಯತ್ಯಾಸವಿದೆ. ಈ ಅಂಕಿಗಳನ್ನು ಯಾರೂ ಉಪಕರಣ ಇಟ್ಟು ಅಳೆದದ್ದಲ್ಲ, ಉಪಗ್ರಹ ಚಿತ್ರದಲ್ಲಿ ಮೋಡದ ಆಕಾರ, ನಟ್ಟನಡುವಿನ ಶಾಂತ ಭಾಗವಾದ ‘ಕಣ್ಣಿನ’ ಬಿಸಿ, ಅದರ ಸುತ್ತಲ ಮೋಡದ ಗೋಡೆಯ ತಂಪು ನೋಡಿ ಲೆಕ್ಕ ಹಾಕಿದ್ದು. ನೆಲದಲ್ಲಿದ್ದ ಉಪಕರಣಗಳ ಗತಿ ಏನಾಯಿತು ಎಂದರೆ, ಚಂಡಮಾರುತ ಮೊದಲು ನೆಲ ಮುಟ್ಟಿದ ಗಿವಾನ್ ಪಟ್ಟಣದಲ್ಲಿ ಪಗಾಸಾದ ಹೊಸ ಡಾಪ್ಲರ್ ರೇಡಾರ್ ಇತ್ತು. ಅದನ್ನು ಗಾಳಿಯೇ ಮುರಿದುಹಾಕಿತು.

ಗಿವಾನ್ ಮುಟ್ಟಿದ್ದು ನವೆಂಬರ್ 8ರ ನಸುಕಿನ 4 ಗಂಟೆ 40 ನಿಮಿಷಕ್ಕೆ. ಅಲ್ಲಿಂದ ಲೇಟೆ ಕೊಲ್ಲಿ ದಾಟಿ, ಏಳು ಗಂಟೆಯ ಸುಮಾರಿಗೆ ಲೇಟೆ ದ್ವೀಪದ ಟೊಲೋಸಾ ಬಳಿ ಮತ್ತೆ ನೆಲ ಹತ್ತಿತು. ಟಕ್ಲೋಬಾನ್ ಇರುವುದು ಟೊಲೋಸಾದ ಉತ್ತರಕ್ಕೆ. ನಿಮ್ಮ ಪ್ರಶ್ನೆಯ ತಿರುಳು ಈ ಒಂದು ವಿವರದಲ್ಲಿದೆ.

ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ದೇವರಿಗೆ ಅಪ್ರದಕ್ಷಿಣೆ ಬಂದ ಹಾಗೆ ಸುತ್ತುತ್ತದೆ. ಹೈಯಾನ್ ಪೂರ್ವದಿಂದ ಪಶ್ಚಿಮಕ್ಕೆ ಬರುತ್ತಿದ್ದಾಗ ಟಕ್ಲೋಬಾನ್ ಅದರ ಮುಂದಿನ ಅಂಚಿನಲ್ಲಿ, ಬಲಗೈ ಬದಿಗೆ ಇತ್ತು. ಕಣ್ಣು ಇನ್ನೂ ಪೂರ್ವಕ್ಕಿದ್ದಾಗ ಊರಿನ ಮೇಲೆ ಬೀಸಿದ್ದು ವಾಯವ್ಯದ ಗಾಳಿ, ನೆಲದಿಂದ ಕಡಲಿಗೆ. ಅದು ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳಿತು. ನಿಮ್ಮ ತಮ್ಮನ ಜೊತೆಗಾರರು ಕಂಡ ‘ಹಿಂದೆ ಸರಿದ ಸಮುದ್ರ’ ಅದೇ, ಅವರ ನೆನಪು ಸರಿಯಾಗಿದೆ. ಕಣ್ಣು ಊರಿನ ದಕ್ಷಿಣಕ್ಕೆ ದಾಟುತ್ತಿದ್ದಂತೆ ಗಾಳಿ ಕೆಲವೇ ಹೊತ್ತಿನಲ್ಲಿ ಹೊರಳಿ ಪೂರ್ವ, ಆಗ್ನೇಯದಿಂದ, ಅಂದರೆ ಕಡಲಿಂದ ನೆಲಕ್ಕೆ ಬೀಸತೊಡಗಿತು. ಹೊರಹೋಗಿದ್ದ ನೀರೂ ಲೇಟೆ ಕೊಲ್ಲಿಯ ನೀರೂ ಒಟ್ಟಾಗಿ ಒಳನುಗ್ಗಿದವು.

ನುಗ್ಗಿದ್ದು ಎಂಥ ಜಾಗಕ್ಕೆ ಎನ್ನುವುದೂ ಮುಖ್ಯ. ಸಮಾರ್ ಮತ್ತು ಲೇಟೆ ದ್ವೀಪಗಳ ನಡುವೆ ಕಡಲು ಆಲಿಕೆಯ ಹಾಗೆ ಕಿರಿದಾಗುತ್ತ ಬರುತ್ತದೆ. ಆಲಿಕೆಯ ಕೊಳವೆ ಎಂದರೆ ಸಾನ್ ಹ್ವಾನಿಕೊ ಜಲಸಂಧಿ, ಹೊಳೆಯಷ್ಟೇ ಅಗಲ. ಅದರ ಬಾಯಲ್ಲೇ ಟಕ್ಲೋಬಾನ್ ಕೂತಿದೆ. ನೀರು ಆಳವಿಲ್ಲದ ಕೊಲ್ಲಿ.

ಆಳವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಹಂಡೆ ಮತ್ತು ಪರಾತ ಇಟ್ಟು ತೋರಿಸುತ್ತಿದ್ದೆ. ನೀವೂ ಹಿತ್ತಿಲಲ್ಲಿ ಮಾಡಿ ನೋಡಬಹುದು. ತುಂಬಿದ ಹಂಡೆಯ ನೀರನ್ನು ಅಂಗೈಯಿಂದ ಮೇಲ್ಮೈಯಲ್ಲೇ ಒಂದು ಬದಿಗೆ ತಳ್ಳುತ್ತ ಹೋಗಿ. ತಳ್ಳಿದ ನೀರು ಅಂಚಿಗೆ ತಾಗಿ ಕೆಳಗಿಳಿದು ಅಡಿಯಿಂದ ವಾಪಸಾಗುತ್ತದೆ, ಮಟ್ಟ ಅಷ್ಟೇನೂ ಏರುವುದಿಲ್ಲ. ಈಗ ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಹಾಗೆಯೇ ತಳ್ಳಿ. ಅಡಿಯಿಂದ ವಾಪಸಾಗಲು ಜಾಗವಿಲ್ಲ. ನೀರು ಅಂಚು ಹತ್ತಿ ನಿಮ್ಮ ಸೀರೆ ಒದ್ದೆ ಮಾಡುತ್ತದೆ. ಆಳದ ಕಡಲು ಹಂಡೆ, ಟಕ್ಲೋಬಾನಿನ ಕೊಲ್ಲಿ ಪರಾತ. ಗಾಳಿಯ ವೇಗ ಎರಡು ಪಟ್ಟಾದರೆ ಅದು ನೀರನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಒತ್ತಡ ಇಳಿದದ್ದರಿಂದಲೂ ಕಡಲು ಏರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಹೌದು, ಒಂದು ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು ಒಂದು ಸೆಂಟಿಮೀಟರ್. ಹೈಯಾನ್‌ನ ಕಣ್ಣಿನ ನೇರ ಕೆಳಗೆ ಅದು ಒಂದು ಮೀಟರ್ ಚಿಲ್ಲರೆ ಆಗಿರಬಹುದು. ಉಳಿದದ್ದೆಲ್ಲ ಗಾಳಿ ತಳ್ಳಿದ್ದು. ಟಕ್ಲೋಬಾನಿನ ಕೆಲವು ಕಡೆ ನೀರು ಐದಾರು ಮೀಟರ್ ಏರಿತು. ಒಂದಂತಸ್ತಿನ ತಾರಸಿ ಮನೆ ಪೂರ್ತಿ ಮುಳುಗಿ ಮೇಲೂ ನೀರು ಉಳಿಯುವ ಲೆಕ್ಕ ಇದು. ನೀರು ಗಾಳಿಗಿಂತ ಎಂಟುನೂರು ಪಟ್ಟು ಭಾರ. ಗಾಳಿಗೆ ಜಗ್ಗದ ಗೋಡೆ ಅದಕ್ಕೆ ಕುಸಿಯುತ್ತದೆ. ಆ ನೀರು ಬರಿಗೈಲಿ ಬರುವುದೂ ಇಲ್ಲ, ತಗಡು, ತೊಲೆ, ದೋಣಿ, ಕಾರು ಎಲ್ಲವನ್ನೂ ಹೊತ್ತು ಬರುತ್ತದೆ. ಊರಿನ ಅನಿಬಾಂಗ್ ಎಂಬ ಕೇರಿಗೆ ದೊಡ್ಡ ದೊಡ್ಡ ಹಡಗುಗಳೇ ಹತ್ತಿ ಕೂತವು. ಒಂದರ ಮೂತಿಯನ್ನು ಸ್ಮಾರಕವಾಗಿ ಅಲ್ಲೇ ಉಳಿಸಿಕೊಂಡಿದ್ದಾರೆ. ವಿಮಾನ ನಿಲ್ದಾಣ ಇದ್ದದ್ದು ಕೊಲ್ಲಿಯೊಳಕ್ಕೆ ಚಾಚಿದ ತಗ್ಗು ನಾಲಿಗೆಯ ಮೇಲೆ. ಅದು ಕಟ್ಟಡದ ಅಸ್ಥಿಪಂಜರವಾಗಿ ಉಳಿಯಿತು.

ಸಮಾರ್ ದ್ವೀಪದ ಹೆರ್ನಾನಿ ಎಂಬ ಊರಿನ ಕಥೆ ಬೇರೆ. ಅದು ತೆರೆದ ಸಾಗರಕ್ಕೆ ಮುಖಮಾಡಿದೆ, ಮುಂದೆ ಆಳದ ಕಡಲು. ನನ್ನ ಹಂಡೆಯ ಲೆಕ್ಕದಲ್ಲಿ ಅಲ್ಲಿ ಕಡಲುಕ್ಕು ಹೆಚ್ಚಿರಬಾರದು. ದಡದ ಮುಂದೆ ಹವಳದ ದಿಬ್ಬವೂ ಇದೆ, ಅದು ಅಲೆ ತಡೆಯುತ್ತದೆ ಎಂಬ ನೆಚ್ಚಿಕೆ. ಆದರೆ ಅಲೆಗಳು ಒಂದೊಂದಾಗಿ ಬರದೆ ಗುಂಪು ಗುಂಪಾಗಿ ಬಂದು ದಿಬ್ಬದ ಮೇಲೆ ಒಡೆದಾಗ, ಅವುಗಳ ಒಟ್ಟು ಏರಿಳಿತವೇ ಒಂದು ನಿಧಾನದ ದೊಡ್ಡ ಅಲೆಯಾಗಿ ಗೋಡೆಯಂತೆ ಒಳಬಂತು. ಪರಿಹಾರ ಸಂಸ್ಥೆಯ ಕಾರ್ಯಕರ್ತರೊಬ್ಬರು ಮೇಲಿನ ಮಹಡಿಯಿಂದ ತೆಗೆದ ಅದರ ವಿಡಿಯೊ ನೋಡಿದವರೆಲ್ಲ ಸುನಾಮಿ ಎಂದುಕೊಂಡರು. ಮನೆಯೊಂದು ಕ್ಷಣದಲ್ಲಿ ತೇಲಿ ಹೋಗುತ್ತದೆ. ಪರಾತದ ಪಾಠ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ನನಗೆ ಕಲಿಸಿದ್ದು ಈ ಊರು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮುನ್ಸೂಚನೆ ಸೋಲಲಿಲ್ಲ. ದಾರಿ, ಸಮಯ ಎರಡೂ ಹೆಚ್ಚುಕಡಿಮೆ ಸರಿಯಾಗಿದ್ದವು. ಪಗಾಸಾದ ಗಾಳಿ ಎಚ್ಚರಿಕೆಗಳ ಆಗಿನ ಪಟ್ಟಿಯಲ್ಲಿ ಅತಿ ಎತ್ತರದ 4ನೇ ಸಿಗ್ನಲ್ ಏರಿಸಲಾಗಿತ್ತು. ಹಿಂದಿನ ಸಂಜೆ ಅಧ್ಯಕ್ಷ ಬೆನಿಗ್ನೊ ಅಕಿನೊ ಟಿವಿಯಲ್ಲಿ ಮಾತನಾಡಿ ಐದಾರು ಮೀಟರ್ ಅಲೆಗಳ ಎಚ್ಚರಿಕೆ ಕೊಟ್ಟಿದ್ದರು. ದೇಶದಾದ್ಯಂತ ಲಕ್ಷಗಟ್ಟಲೆ ಜನರನ್ನು ಸ್ಥಳಾಂತರಿಸಿದ್ದರು. ಆದರೂ ಅಧಿಕೃತ ಲೆಕ್ಕದಲ್ಲಿ 6,300 ಜನ ಸತ್ತರು, ಸಾವಿರಕ್ಕೂ ಹೆಚ್ಚು ಮಂದಿ ಸಿಗಲೇ ಇಲ್ಲ.

ಎಲ್ಲಿ ಎಡವಿತು? ಫಿಲಿಪ್ಪೀನ್ಸಿನ ಜನ ವರ್ಷಕ್ಕೆ ಇಪ್ಪತ್ತರ ಆಸುಪಾಸು ಚಂಡಮಾರುತ ನೋಡುವವರು. ಬಾಗ್ಯೊ ಎಂದು ಅವರ ಮಾತು. ಬಾಗ್ಯೊ ಬಂದರೆ ಏನು ಮಾಡಬೇಕೆಂದು ಮಗುವಿಗೂ ಗೊತ್ತು: ಮಾಡಿಗೆ ಹಗ್ಗ ಬಿಗಿ, ಗಟ್ಟಿ ಕಟ್ಟಡದೊಳಗೆ ಸೇರು, ಗಾಳಿ ನಿಲ್ಲುವವರೆಗೆ ಹೊರಬರಬೇಡ. ಅಂದೂ ಹಾಗೇ ಮಾಡಿದರು. ಗಾಳಿಗೆ ಗಟ್ಟಿಯಾದ ಕೆಳ ಅಂತಸ್ತಿನ ಕೋಣೆ ನೀರಿಗೆ ಗೋರಿಯಾಗುತ್ತದೆ. ಆಶ್ರಯಕ್ಕೆಂದು ತೋರಿಸಿದ್ದ ಕೆಲವು ಕಟ್ಟಡಗಳೇ ನೀರು ನುಗ್ಗುವ ತಗ್ಗಿನಲ್ಲಿದ್ದವು. ಹೆಂಗಸರು, ಮಕ್ಕಳನ್ನು ಕಳಿಸಿ ಗಂಡಸರು ಮನೆ ಕಾಯಲು ಉಳಿದ ಕುಟುಂಬಗಳೂ ಇದ್ದವು, ಸಾಮಾನು ಕಳುವಾದೀತೆಂಬ ಭಯ. ಇದನ್ನು ಕೇಳಿ ನಗುವ ಹಾಗಿಲ್ಲ, ನಮ್ಮ ನೆರೆಯ ದಿನಗಳಲ್ಲೂ ಹೀಗೇ ನಡೆಯುತ್ತದೆ.

‘ಸ್ಟಾರ್ಮ್ ಸರ್ಜ್’ ಎಂಬ ಇಂಗ್ಲಿಷ್ ಪದ ಪ್ರಕಟಣೆಯಲ್ಲಿತ್ತು. ಬದುಕಿ ಉಳಿದವರು ಆಮೇಲೆ ಮತ್ತೆ ಮತ್ತೆ ಹೇಳಿದ್ದು ಒಂದೇ: ಆ ಪದ ನಮಗೆ ಅರ್ಥವಾಗಲಿಲ್ಲ, ಸುನಾಮಿ ಎಂದಿದ್ದರೆ ಗುಡ್ಡ ಹತ್ತುತ್ತಿದ್ದೆವು. 2004ರ, 2011ರ ಸುನಾಮಿಗಳನ್ನು ಟಿವಿಯಲ್ಲಿ ನೋಡಿದ್ದರಲ್ಲ. ಈ ಬಗ್ಗೆ ನನ್ನ ಗೆಳೆಯರಲ್ಲಿ ವಾದವಿದೆ. ಭೂಕಂಪದಿಂದೇಳುವ ಸುನಾಮಿಯೇ ಬೇರೆ, ಹೆಸರು ಬೆರೆಸಿದರೆ ಮುಂದೆ ಗೊಂದಲ ಎನ್ನುವವರೇ ಹೆಚ್ಚು. ವಿಜ್ಞಾನದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಸರಿಯಾದ ಹೆಸರನ್ನು ಹೇಳಿ ಸುಮ್ಮನಾಗುವುದೂ ಕೆಲಸಗಳ್ಳತನವೇ. ಹೆಸರು ಯಾವುದಾದರೂ ಇರಲಿ, ‘ನಾಳೆ ಬೆಳಿಗ್ಗೆ ಕಡಲು ನಿಮ್ಮ ಓಣಿಗೆ ಬರುತ್ತದೆ, ನಿಮ್ಮ ಸೂರಿನ ಮೇಲೆ ನಿಲ್ಲುತ್ತದೆ’ ಎಂದು ಹೇಳಬೇಕಿತ್ತು. ಐದು ಮೀಟರ್ ಅಲೆ ಎಂದರೆ ಮೀನುಗಾರನಿಗೆ ಹೊರಗಡಲಿನ ಅಲೆ ಕಣ್ಣಿಗೆ ಬರುತ್ತದೆ. ಮನೆಯ ತೊಲೆಗೆ ನೀರು ತಾಗುವುದು ಕಣ್ಣಿಗೆ ಬರುವುದಿಲ್ಲ.

ಆ ನೆಲಕ್ಕೆ ಇದು ಹೊಸತೂ ಆಗಿರಲಿಲ್ಲ. 1897ರ ಅಕ್ಟೋಬರಿನಲ್ಲಿ ಇದೇ ಸಮಾರ್, ಲೇಟೆಗಳ ಮೇಲೆ ಚಂಡಮಾರುತ ಬಂದು ಕಡಲು ಉಕ್ಕಿತ್ತು. ಮನಿಲಾದ ವೀಕ್ಷಣಾಲಯದ ಜೆಸ್ವಿಟ್ ಪಾದ್ರಿಗಳು ಅದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಅದು ಊರಿನ ನಾಲಿಗೆಯಿಂದ ಅಳಿಸಿಹೋಗಿತ್ತು.

ಇದಕ್ಕೆ ಎದುರಾದ ಒಂದು ಉದಾಹರಣೆ ಅಲ್ಲೇ ಇದೆ. ಸೆಬು ಪ್ರಾಂತಕ್ಕೆ ಸೇರಿದ ಕಮೋಟೆಸ್ ದ್ವೀಪಗಳ ಪಕ್ಕದಲ್ಲಿ ತುಲಾಂಗ್ ದಿಯೋತ್ ಎಂಬ ಪುಟ್ಟ ದ್ವೀಪ. ಸಾವಿರದಷ್ಟು ಜನ. ಊರಿನ ಮುಖಂಡರು ಹಿಂದಿನ ದಿನವೇ ಎಲ್ಲರನ್ನೂ ದೋಣಿ ಹತ್ತಿಸಿ ದೊಡ್ಡ ದ್ವೀಪಕ್ಕೆ ಸಾಗಿಸಿದರು. ಒಬ್ಬರನ್ನೂ ಮನೆ ಕಾಯಲು ಬಿಡಲಿಲ್ಲ. ಮನೆಗಳೆಲ್ಲ ನೆಲಸಮವಾದವು, ಜೀವ ಒಂದೂ ಹೋಗಲಿಲ್ಲ. ನಮ್ಮ ಒಡಿಶಾದ್ದೂ ಹೇಳಬೇಕು. ಹೈಯಾನ್‌ಗೆ ಸುಮಾರು ನಾಲ್ಕು ವಾರ ಮೊದಲು, ಅಕ್ಟೋಬರ್ 12ರಂದು, ಫೈಲಿನ್ ಗೋಪಾಲಪುರದ ಬಳಿ ನೆಲ ಹತ್ತಿತು. ಹತ್ತು ಲಕ್ಷದಷ್ಟು ಜನರನ್ನು ತೆರವು ಮಾಡಿಸಿದ್ದರು. ಸತ್ತವರು ಐವತ್ತರೊಳಗೆ. ಅದೇ ಒಡಿಶಾದಲ್ಲಿ 1999ರ ಅಕ್ಟೋಬರಿನಲ್ಲಿ ಹತ್ತಿರ ಹತ್ತು ಸಾವಿರ ಜನ ಸತ್ತಿದ್ದರು. ಆದರೂ ಎರಡನ್ನೂ ತಕ್ಕಡಿಗಿಟ್ಟು ‘ನಾವು ಜಾಣರು, ಅವರು ದಡ್ಡರು’ ಎನ್ನುವವರ ಜೊತೆ ನಾನಿಲ್ಲ. ಗೋಪಾಲಪುರದ ಮುಂದೆ ಟಕ್ಲೋಬಾನಿನಂಥ ಆಲಿಕೆ ಇಲ್ಲ. ಫೈಲಿನ್‌ನ ಕಡಲುಕ್ಕು ಹೈಯಾನ್‌ನ ಅರ್ಧದಷ್ಟೂ ಇರಲಿಲ್ಲ.

ಸಾವಿನ ಲೆಕ್ಕ ಮುಗಿದ ಮೇಲೆ ಉಳಿಯುವ ಹಾನಿಯಲ್ಲಿ ಮನೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹನ್ನೊಂದು ಲಕ್ಷ ಮನೆಗಳಿಗೆ ಪೆಟ್ಟು ಬಿತ್ತು. ನನಗೆ ಹೆಚ್ಚು ಕಾಡಿದ್ದು ತೆಂಗು. ಸುಮಾರು 3.3 ಕೋಟಿ ತೆಂಗಿನ ಮರಗಳು ಮುರಿದವು, ಬುಡ ಕಿತ್ತವು, ಇಲ್ಲವೆ ತಲೆ ಕಳೆದುಕೊಂಡವು. ಲೇಟೆ, ಸಮಾರ್‌ಗಳಲ್ಲಿ ಕೊಬ್ಬರಿಯೇ ಬದುಕು. ಭತ್ತದ ಗದ್ದೆ ಮುಂದಿನ ಮಳೆಗೆ ಎದ್ದು ನಿಲ್ಲುತ್ತದೆ, ಹೊಸ ತೆಂಗು ಫಲ ಕೊಡಲು ಆರರಿಂದ ಎಂಟು ವರ್ಷ. ಬಿದ್ದ ಮರ ಸುಮ್ಮನೆ ಬಿದ್ದಿರುವುದೂ ಇಲ್ಲ, ಕೊಳೆಯುವ ಕಾಂಡದಲ್ಲಿ ಕುರುವಾಯಿ ದುಂಬಿ ಮೊಟ್ಟೆಯಿಟ್ಟು ಉಳಿದ ಮರಗಳ ಸುಳಿ ಕೊರೆಯುತ್ತದೆ. ನಮ್ಮ ತೋಟದವರಿಗೆ ಇದು ಗೊತ್ತಿರುವ ಕಾಟವೇ. ಹಾಗಾಗಿ ಅಲ್ಲಿ ಚೈನ್ ಗರಗಸ ತಂದು ಮರಗಳನ್ನು ತೊಲೆ, ಹಲಗೆಗಳಾಗಿ ಸೀಳಿ ಆ ಮರದಿಂದಲೇ ಮನೆ ಎಬ್ಬಿಸಿದರು.

ಹೈಯಾನ್‌ನ ಸಾವು ಸದ್ದಿಲ್ಲದ್ದು. ಒಂದೇ ದಿನದಲ್ಲಿ ಫಿಲಿಪ್ಪೀನ್ಸಿನಲ್ಲಿ ಆರು ಕಡೆ ನೆಲ ಹತ್ತಿಳಿದು ದಕ್ಷಿಣ ಚೀನಾ ಸಮುದ್ರಕ್ಕೆ ಬಿತ್ತು. ನೆಲದ ಮೇಲೆ ಆವಿ ಸಿಗುವುದಿಲ್ಲ, ಗುಡ್ಡ ಕಾಡುಗಳ ತಿಕ್ಕಾಟ ಬೇರೆ. ಆಮೇಲೆ ಸಿಕ್ಕ ಕಡಲು ಮೊದಲಿನಷ್ಟು ಬಿಸಿಯಿರಲಿಲ್ಲ, ಮೇಲಿನ ಗಾಳಿಯೂ ಜಗಳಕ್ಕಿಳಿಯಿತು. ವಿಯೆಟ್ನಾಂ ಮಧ್ಯ ಕರಾವಳಿಯಿಂದ ಆರು ಲಕ್ಷಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಿತು. ಆದರೆ ಹೈಯಾನ್ ಉತ್ತರಕ್ಕೆ ತಿರುಗಿ, 11ರ ನಸುಕಿನಲ್ಲಿ ಹೈಫಾಂಗ್‌ನ ಆಚೆ, ಕ್ವಾಂಗ್ ನಿನ್ ಪ್ರಾಂತದಲ್ಲಿ ನೆಲ ಹತ್ತಿತು. ಅದೇ ದಿನ ಚೀನಾದ ಗ್ವಾಂಗ್ಸಿಯಲ್ಲಿ ಮಳೆಯಾಗಿ ಕರಗಿತು. ಹೆಸರಿಟ್ಟು ಒಂದು ವಾರ, ಅಷ್ಟೇ ಆಯಸ್ಸು. ಆಮೇಲೆ ಎರಡೂ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಿದರು, ಇನ್ಯಾವ ಚಂಡಮಾರುತಕ್ಕೂ ಅವು ಬರುವುದಿಲ್ಲ. ಪಗಾಸಾ 5ನೇ ಸಿಗ್ನಲ್ ಸೇರಿಸಿತು. ನನ್ನ ಕಣ್ಣಿಗೆ ದೊಡ್ಡದಾಗಿ ಕಂಡದ್ದು ಅದಲ್ಲ, ಕಡಲುಕ್ಕಿಗೆ ಬೇರೆಯೇ ಎಚ್ಚರಿಕೆ ಕೊಡತೊಡಗಿದ್ದು.

ಕೊನೆಯದಾಗಿ ಗಂಗೊಳ್ಳಿ. ಅರಬ್ಬೀ ಸಮುದ್ರದಲ್ಲಿ ಹುಟ್ಟುವ ಚಂಡಮಾರುತಗಳು ಸಾಮಾನ್ಯವಾಗಿ ವಾಯವ್ಯಕ್ಕೆ ಒಮಾನ್, ಯೆಮನ್ ಕಡೆಗೋ ಉತ್ತರಕ್ಕೆ ಗುಜರಾತ್ ಕಡೆಗೋ ಹೋಗುತ್ತವೆ. ನಮ್ಮ ದಡ ಅವುಗಳ ದಾರಿಯ ಪಕ್ಕದಲ್ಲಿದೆ, ಎದುರಿಗಿಲ್ಲ. ಹಾಗಾಗಿ ಹೈಯಾನ್‌ನಂಥದು ನೇರವಾಗಿ ಕುಂದಾಪುರಕ್ಕೆ ಬಂದು ಬಡಿಯುವ ಸಾಧ್ಯತೆ ತೀರಾ ಕಡಿಮೆ. ಆದರೆ ‘ಪಕ್ಕದಲ್ಲಿ ಹೋಯಿತು’ ಎಂದು ನಿಟ್ಟುಸಿರು ಬಿಡುವ ಮೊದಲು ಮೇಲೆ ಹೇಳಿದ ಬಲಗೈ ಬದಿಯನ್ನು ನೆನಪಿಸಿಕೊಳ್ಳಿ. ಉತ್ತರಕ್ಕೆ ಸಾಗುವ ಚಂಡಮಾರುತದ ಬಲಗೈಗೆ ಇರುವುದು ನಾವೇ, ನಮ್ಮ ಮೇಲೆ ಗಾಳಿ ಕಡಲಿಂದಲೇ ಬೀಸುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನೆಲ ಹತ್ತಿದ್ದು ದೂರದ ಗುಜರಾತಿನಲ್ಲಿ. ಆದರೂ ಉಳ್ಳಾಲದಿಂದ ಉತ್ತರ ಕನ್ನಡದವರೆಗೆ ಕಡಲ್ಕೊರೆತವಾಯಿತು, ಮನೆ, ರಸ್ತೆ, ತೆಂಗು ಹೋದವು. ಕಾಪು ಕಡಲಿನ ಬಂಡೆಗಳಲ್ಲಿ ಸಿಕ್ಕಿಕೊಂಡ ಟಗ್ ಒಂದರಿಂದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್, ನೌಕಾಪಡೆಯವರು ಸೇರಿ ಬಿಡಿಸಿ ತಂದದ್ದು ನಿಮಗೆ ನೆನಪಿರಬೇಕು. ಅರಬ್ಬೀ ಸಮುದ್ರ ಇತ್ತೀಚಿನ ದಶಕಗಳಲ್ಲಿ ಬಿಸಿಯಾಗುತ್ತಿದೆ, ತೀವ್ರ ಚಂಡಮಾರುತಗಳೂ ಅಲ್ಲಿ ಹೆಚ್ಚುತ್ತಿವೆ.

ನಿಮ್ಮೂರಿಗೆ ಇನ್ನೊಂದು ವಿಶೇಷವಿದೆ, ಅದು ಅಳಿವೆಯ ಊರು. ಐದು ಹೊಳೆಗಳ ನೀರು ಒಂದೇ ಬಾಯಿಂದ ಕಡಲಿಗೆ ಬೀಳುತ್ತದೆ. ಚಂಡಮಾರುತ ಮಳೆಯನ್ನೂ ತರುವುದರಿಂದ, ಕಡಲು ಒಂದು ಮೀಟರ್ ಏರಿ ಅಳಿವೆಯ ಬಾಯಿ ಕಟ್ಟಿದರೂ ಸಾಕು, ಹೊಳೆಗೆ ಹೊರದಾರಿ ಇರುವುದಿಲ್ಲ. ನೀರು ಬರುವುದು ಮುಂದಿನ ಬಾಗಿಲಿಂದ ಅಲ್ಲ, ಹಿತ್ತಿಲ ಕಡೆಯಿಂದ. ಗಾಳಿಯೇ ಇಲ್ಲದ ದಿನ ಕಡಲು ಏರುವುದೂ ಉಂಟು. ದೂರದ ದಕ್ಷಿಣ ಸಾಗರದ ಬಿರುಗಾಳಿಯಲ್ಲೆದ್ದ ಉದ್ದಲೆಗಳು ದಿನಗಟ್ಟಲೆ ಸಾಗಿ ಬಂದು ನಿರ್ಮಲ ಆಕಾಶದ ಕೆಳಗೆ ಮನೆ ಬಾಗಿಲು ತಟ್ಟುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್, ಕಳ್ಳ ಕಡಲು ಎನ್ನುತ್ತಾರೆ. ವಿಜ್ಞಾನಿಗಳು ಆ ಪದವನ್ನೇ ಎತ್ತಿಕೊಂಡಿದ್ದಾರೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದ ಎಚ್ಚರಿಕೆಗಳಲ್ಲಿ ಅದೇ ಹೆಸರು ಬರುತ್ತದೆ. ಪದ ಎಂದರೆ ಹೀಗಿರಬೇಕು, ಕೇಳಿದ ತಕ್ಷಣ ಹಿತ್ತಿಲ ಬಾಗಿಲು ನೆನಪಾಗಬೇಕು.

ಮುಂದಿನ ಸಲ ಚಂಡಮಾರುತದ ಪ್ರಕಟಣೆ ಬಂದಾಗ ಗಾಳಿಯ ವೇಗ ಓದಿ ನಿಲ್ಲಿಸಬೇಡಿ. ಕೆಳಗೆ ಎಲ್ಲೋ ‘ಮಾಮೂಲಿ ಉಬ್ಬರದ ಮೇಲೆ ಇಷ್ಟು ಮೀಟರ್’ ಎಂಬ ಸಾಲು ಇದೆಯೇ ಹುಡುಕಿ. ಮೇಲೆ ಎಂಬುದನ್ನು ಗಮನಿಸಿ, ಅಂದಿನ ಉಬ್ಬರ, ನಿಮ್ಮ ಕಡೆ ಭರತ ಎನ್ನುವುದು, ಎಷ್ಟಿದೆಯೋ ಅದಕ್ಕೆ ಇದನ್ನು ಕೂಡಿಸಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಮ್ಮ ಕರಾವಳಿಯ ಉಬ್ಬರ ಇಳಿತದ ಅಂತರ ಒಂದೂವರೆಯಿಂದ ಎರಡು ಮೀಟರ್‌ವರೆಗೂ ಹೋಗುತ್ತದೆ, ಅಷ್ಟಮಿಯ ಹೊತ್ತಿಗೆ ಅದರ ಅರ್ಧವೂ ಇರುವುದಿಲ್ಲ. ಹೈಯಾನ್ ಟಕ್ಲೋಬಾನಿಗೆ ಬಂದದ್ದು ಅಮಾವಾಸ್ಯೆ ಕಳೆದು ಐದನೇ ದಿನ, ಉಬ್ಬರ ಸಣ್ಣದಾಗುತ್ತಿದ್ದ ಹೊತ್ತು.